ವಿಷದ ಗುರುತು ಹಿಡಿಯುವ ಕಣ್ಣು

ಹನೂರು ತಾಲ್ಲೂಕಿನ ಸುಳ್ವಾಡಿಯ ಹೆಸರು ನಾಡಿಗೆಲ್ಲ ತಿಳಿದದ್ದು ಒಂದು ದುರಂತದಿಂದ. 2018ರ ಡಿಸೆಂಬರ್ 14ರಂದು ಅಲ್ಲಿನ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರದ ಶಂಕುಸ್ಥಾಪನೆ ನಡೆದಿತ್ತು. ಪ್ರಸಾದ ಉಂಡ ನೂರಕ್ಕೂ ಹೆಚ್ಚು ಭಕ್ತರು ಅಸ್ವಸ್ಥರಾದರು. 17 ಮಂದಿ ಅಸುನೀಗಿದರು. ಅನ್ನದಲ್ಲಿ ಬೆರೆತಿದ್ದುದು ಹೊಲಕ್ಕೆ ಹೊಡೆಯುವ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ರೋಗಿಗಳನ್ನು ಕಾಮಗೆರೆ, ಕೊಳ್ಳೇಗಾಲದ ಆಸ್ಪತ್ರೆಗಳಿಗೂ ಅಲ್ಲಿಂದ ಮುಂದೆ ಮೈಸೂರಿಗೂ ಸಾಗಿಸಲಾಯಿತು.

ಇಂಥ ಹೊತ್ತಿನಲ್ಲಿ ವೈದ್ಯರು ಕೆಲವರು, ರೋಗಿಗಳು ಹಲವರು. ಯಾರನ್ನು ಮೊದಲು ನೋಡಬೇಕೆಂಬ ಸೂಚನೆ ದಾದಿಯ ಕಣ್ಣಿಂದಲೇ ಬರಬೇಕಾಗುತ್ತದೆ. ವಾಂತಿ, ಭೇದಿಯನ್ನಷ್ಟೇ ಕಂಡರೆ ಹಳಸಿದ ಅನ್ನದ ಫಲವೆಂದು ತೋರಬಹುದು. ಆದರೆ ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ, ಬಾಯಿತುಂಬ ಜೊಲ್ಲು, ಮೈಯೆಲ್ಲ ಬೆವರು, ನಿಧಾನಗೊಂಡ ನಾಡಿ ಒಟ್ಟಿಗೆ ಕಂಡರೆ ಅದು ರಂಜಕಯುಕ್ತ ಕೀಟನಾಶಕದ ಗುರುತು. ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಸವನ್ನು ಕರಗಿಸುವ ಕಿಣ್ವವನ್ನೇ ಈ ವಿಷ ಕಟ್ಟಿಹಾಕುತ್ತದೆ. ಶ್ವಾಸಕೋಶದಲ್ಲಿ ನೀರು ಒಸರಿ, ಉಸಿರಾಟದ ಸ್ನಾಯುಗಳು ಸೋತು ಸಾವು ಬರುತ್ತದೆ.

ಈ ಜಾತಿಯ ಕೀಟನಾಶಕಗಳ ಶೋಧ ಮುಂದುವರಿದದ್ದು 1930ರ ದಶಕದ ಜರ್ಮನಿಯಲ್ಲಿ, ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನಶಾಸ್ತ್ರಜ್ಞನಿಂದ. ಅದೇ ಹುಡುಕಾಟದಲ್ಲಿ ಯುದ್ಧದ ವಿಷಾನಿಲವೂ ಹುಟ್ಟಿತು. ಮದ್ದಾದ ಆಟ್ರೊಪಿನ್ ಇದಕ್ಕಿಂತ ನೂರು ವರ್ಷ ಹಳೆಯದು. ಯೂರೋಪಿನ ಬೆಲಡೋನ ಗಿಡದಿಂದ ತೆಗೆದದ್ದು. ನಮ್ಮ ಬೇಲಿಬದಿಯ ಉಮ್ಮತ್ತಿಯಲ್ಲೂ ಅದೇ ಬಗೆಯ ವಿಷಸತ್ವವಿದೆ.

ಮದ್ದು ಯಾವುದೆಂದು ನೆನಪಿಟ್ಟರೆ ಸಾಲದು, ಎಲ್ಲಿಗೆ ನಿಲ್ಲಿಸಬೇಕೆಂಬುದೂ ತಿಳಿದಿರಬೇಕು. ಶುಶ್ರೂಷಾ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಎಡವುವುದು ಇಲ್ಲಿಯೇ. ಪಾಪೆ ಹಿಗ್ಗಿದೊಡನೆ ಮದ್ದು ಸಾಕೆನ್ನುವುದು ತಪ್ಪು. ಎದೆಯ ಗೊರಗೊರ ಸದ್ದು ಅಡಗಬೇಕು, ನಾಡಿ ನಿಮಿಷಕ್ಕೆ 80 ದಾಟಬೇಕು, ರಕ್ತದೊತ್ತಡ ನೆಲೆಗೊಳ್ಳಬೇಕು. ಅಲ್ಲಿಯವರೆಗೆ ಸುಮಾರು ಐದು ನಿಮಿಷಕ್ಕೊಮ್ಮೆ ಪ್ರಮಾಣವನ್ನು ಇಮ್ಮಡಿಸುತ್ತ ಹೋಗುವುದು ರೂಢಿ. ಮೈ ಸುಡತೊಡಗಿ ರೋಗಿ ಬಡಬಡಿಸಿದರೆ ಮದ್ದು ಅತಿಯಾಗಿದೆಯೆಂದೇ ಅರ್ಥ.

ಚೇತರಿಸಿಕೊಂಡವರಲ್ಲೂ ಅಪಾಯ ಅಡಗಿರುತ್ತದೆ. ಒಂದರಿಂದ ನಾಲ್ಕು ದಿನಗಳ ನಡುವೆ ಕುತ್ತಿಗೆಯ, ಉಸಿರಾಟದ ಸ್ನಾಯುಗಳು ಮತ್ತೆ ಸೋಲಬಹುದೆಂದು 1987ರಲ್ಲಿ ಶ್ರೀಲಂಕಾದ ವೈದ್ಯರು ವಿವರಿಸಿದರು. ಅದರ ಪರೀಕ್ಷೆಗೆ ಯಂತ್ರ ಬೇಡ. ದಿಂಬಿನಿಂದ ತಲೆ ಎತ್ತಲು ಹೇಳಬೇಕು; ಎತ್ತಲಾರದವನಿಗೆ ಕೃತಕ ಉಸಿರಾಟದ ಅಗತ್ಯ ಬೀಳಬಹುದು. ರಾತ್ರಿಪಾಳಿಯ ದಾದಿ ಇದನ್ನು ಗಮನಿಸಿ ವೈದ್ಯರಿಗೆ ತಿಳಿಸಿದರೆ ಒಂದು ಜೀವ ಉಳಿದೀತು.

ಮೊನೊಕ್ರೊಟೊಫಾಸ್‌ನ ಶೇ 36ರ ದ್ರಾವಣವನ್ನು ಕೇಂದ್ರ ಸರ್ಕಾರ 2023ರಲ್ಲಿ ನಿಷೇಧಿಸಿತು. ಆದರೂ ಆ ಗುಂಪಿನ ಬೇರೆ ಕೀಟನಾಶಕಗಳು ಬಳಕೆಯಲ್ಲಿವೆ. ಹನೂರು, ಕೊಳ್ಳೇಗಾಲ, ಯಳಂದೂರಿನಂಥ ಬೇಸಾಯದ ಸೀಮೆಯಲ್ಲಿ ಕೆಲಸ ಮಾಡುವ ದಾದಿಗೆ ಈ ಪಾಠ ಪರೀಕ್ಷೆಯೊಂದಿಗೆ ಮುಗಿಯುವಂಥದಲ್ಲ.