ರಬಾರಿ ಕಸೂತಿ: ವಧುವಿನ ಗಂಟಿನಿಂದ ದುಡಿಮೆಯ ಕೂಲಿಯವರೆಗೆ

ನವರಾತ್ರಿ ಬಂತೆಂದರೆ ನಮ್ಮ ಅನೇಕ ಕುಟುಂಬಗಳು ಗುಜರಾತಿ ಮಿತ್ರರ ಗರ್ಬಾ ಸಂಜೆಗೆ ಹೋಗಿಬರುವುದುಂಟು. ಅಲ್ಲಿ ಮಿನುಗುವ ಕನ್ನಡಿ ಕೆಲಸದ ಲಂಗ-ರವಿಕೆಗಳನ್ನು ಮೆಚ್ಚುತ್ತೇವೆ. ಊರಿಗೆ ಹೋದಾಗ ಅಂಥದೇ ಒಂದು ತೋರಣವನ್ನೋ ಕೈಚೀಲವನ್ನೋ ಕೊಂಡು ತರುತ್ತೇವೆ. ಎಲ್ಲವನ್ನೂ ‘ಕಛ್ ಕೆಲಸ’ ಎಂದು ಒಂದೇ ಹೆಸರಿನಿಂದ ಕರೆಯುವುದು ನಮ್ಮ ರೂಢಿ. ಆದರೆ ಕಛ್ ಜಿಲ್ಲೆಯಲ್ಲಿ ಅಹೀರ್, ಜತ್, ಮುತ್ವಾ, ಸೋಢಾ, ಮೇಘವಾಳ, ರಬಾರಿ ಹೀಗೆ ಒಂದೊಂದು ಸಮುದಾಯಕ್ಕೂ ತನ್ನದೇ ಹೊಲಿಗೆಯಿದೆ. ಇವುಗಳಲ್ಲಿ ರಬಾರಿ ಕಸೂತಿಯ ಇತಿಹಾಸವನ್ನು ನಾವು ವಿಶೇಷವಾಗಿ ತಿಳಿಯಬೇಕು. ಹೆಣ್ಣಿನ ಕೈಕೆಲಸಕ್ಕೆ ಬೆಲೆ ಕಟ್ಟುವವರು ಯಾರು ಎಂಬ ಪ್ರಶ್ನೆ ಅಲ್ಲಿ ಬಹಳ ಸ್ಪಷ್ಟವಾಗಿ ಎದ್ದುನಿಂತಿದೆ.

ರಬಾರಿಗಳು ಪಶುಪಾಲಕರು. ಪಾರ್ವತಿಯು ಮಣ್ಣಿನಿಂದ ಒಂಟೆಯನ್ನು ಮಾಡಿದಳು, ಅದನ್ನು ಕಾಯಲು ಶಿವನು ಮೊದಲ ರಬಾರಿಯನ್ನು ಸೃಷ್ಟಿಸಿದನು ಎಂಬುದು ಅವರ ಮೂಲಕಥೆ. ಒಂಟೆಯೊಂದಿಗೆ ಕುರಿ-ಮೇಕೆಗಳನ್ನು ಹೊಡೆದುಕೊಂಡು ಅವರು ರಾಜಸ್ಥಾನ, ಸೌರಾಷ್ಟ್ರ, ಕಛ್ ಪ್ರದೇಶಗಳಲ್ಲಿ ಹರಡಿಕೊಂಡರು. ಕಛ್‌ನಲ್ಲಿ ಧೇಬರಿಯಾ, ಕಾಛಿ, ವಾಗಡಿಯಾ ಎಂಬ ಮೂರು ಪಂಗಡಗಳಿವೆ. ನಮ್ಮ ನಾಡಿನ ಕುರುಬರು ಕುರಿಯ ಉಣ್ಣೆಯಿಂದ ತಾವೇ ಕಂಬಳಿ ನೇಯ್ದರೆ, ರಬಾರಿಗಳು ಉಣ್ಣೆಯನ್ನು ಮೇಘವಾಳ ನೇಕಾರರಿಗೆ ಕೊಡುತ್ತಿದ್ದರು. ಖತ್ರಿಗಳು ಅದಕ್ಕೆ ಬಣ್ಣ ಹಾಕುತ್ತಿದ್ದರು. ರಬಾರಿ ಹೆಂಗಸರು ಹೊದೆಯುವ ಕಪ್ಪು ಉಣ್ಣೆಯ ‘ಲುಡಿ’ ಹೀಗೆ ಮೂರು ಸಮುದಾಯಗಳ ಕೈಯಿಂದ ಸಿದ್ಧವಾಗುತ್ತಿತ್ತು. ಕಸೂತಿ ಮಾತ್ರ ಸಂಪೂರ್ಣವಾಗಿ ರಬಾರಿ ಹೆಣ್ಣಿನದೇ ಆಗಿತ್ತು.

ಸರಪಳಿ ಹೊಲಿಗೆಯಲ್ಲಿ ಚಿತ್ರದ ಅಂಚನ್ನು ಎಳೆದು, ಒಳಗೆ ದುಂಡು, ಚೌಕ, ತ್ರಿಕೋನ ಮುಂತಾದ ಆಕಾರಗಳ ಕನ್ನಡಿಗಳನ್ನು ಕೂರಿಸುವುದು ಈ ಕಸೂತಿಯ ಲಕ್ಷಣ. ಕನ್ನಡಿಗೆ ರಂಧ್ರವಿರುವುದಿಲ್ಲ, ಸುತ್ತಲೂ ಹೆಣೆದ ದಾರವೇ ಅದನ್ನು ಬಟ್ಟೆಗೆ ಹಿಡಿದು ನಿಲ್ಲಿಸುತ್ತದೆ. ಗಿಳಿ, ಚೇಳು, ಆನೆ, ಗುಡಿ, ನೀರು ಹೊತ್ತ ಹೆಂಗಸು ಇವೆಲ್ಲ ಅವರು ಕಂಡ ಲೋಕದ ಚಿತ್ರಗಳೇ. ಅಕ್ಷರ ಕಲಿಯದ ಹುಡುಗಿಯೂ ತಾಯಿಯ ಪಕ್ಕ ಕುಳಿತು ಈ ಚಿತ್ರಗಳನ್ನು ಕಲಿಯುತ್ತಿದ್ದಳು.

ಅವಳು ಹೊಲಿಯುತ್ತಿದ್ದುದು ಮಾರಾಟಕ್ಕಲ್ಲ, ತನ್ನ ಮದುವೆಗೆ. ಗೋಕುಲಾಷ್ಟಮಿಯಂದು ಎಳೆಯ ಮಕ್ಕಳಿಗೇ ಮದುವೆ ಮಾಡುವ ಪದ್ಧತಿ ಆ ಸಮಾಜದಲ್ಲಿತ್ತು. ಗಂಡನ ಮನೆಗೆ ಹೋಗುವ ಹೊತ್ತಿಗೆ ವಧು ತನ್ನ ಉಡುಪು, ಚೀಲ, ಹೊದಿಕೆ, ತೋರಣಗಳನ್ನೆಲ್ಲ ತಾನೇ ಹೊಲಿದು ಮುಗಿಸಿರಬೇಕು. ಕಾಲ ಕಳೆದಂತೆ ಗಂಡಿನ ಕಡೆಯವರ ನಿರೀಕ್ಷೆ ಬೆಳೆಯಿತು. ಧೇಬರಿಯಾ ಪಂಗಡದಲ್ಲಿ ಗಂಟು ಪೂರ್ಣವಾಗಲಿಲ್ಲವೆಂದು ಮೂವತ್ತರ ಆಸುಪಾಸಿನವರೆಗೂ ತವರಿನಲ್ಲೇ ಉಳಿದ ಹೆಣ್ಣುಮಕ್ಕಳಿದ್ದರು. ಅಂದವೆಂದು ನಾವು ಕಾಣುವ ಆ ಬಟ್ಟೆಗಳ ಹಿಂದೆ ಇಂಥ ಹೊರೆಯೂ ಇತ್ತು.

ಇತ್ತ ಅಲೆಮಾರಿ ಬದುಕೂ ಇಕ್ಕಟ್ಟಿಗೆ ಸಿಲುಕಿತು. 1947ರ ವಿಭಜನೆಯೊಂದಿಗೆ ಸಿಂಧ್ ಕಡೆಯ ದಾರಿಗಳು ಮುಚ್ಚಿದವು. ಮೇಲಿಂದ ಮೇಲೆ ಬರ ಬಂದಿತು. ಹೊಟ್ಟೆಪಾಡಿಗಾಗಿ ಅನೇಕ ಮನೆಗಳು ಅಜ್ಜಿಯರ ಕಾಲದ ಕಸೂತಿಯನ್ನು ವ್ಯಾಪಾರಿಗಳಿಗೆ ಮಾರಿದವು. ವರ್ಷಗಟ್ಟಲೆ ಹೊಲಿದ ವಸ್ತುಗಳು ಅಗ್ಗದ ದರಕ್ಕೆ ಕೈಬಿಟ್ಟು ಹೋದವು. ಈ ಕೈಕೆಲಸಕ್ಕೆ ಪೇಟೆಯಲ್ಲಿ ಹಣವಿದೆ ಎಂಬುದು ಆಗ ತಿಳಿಯಿತು. ಆ ಹಣ ಹೊಲಿದವಳಿಗೆ ತಲುಪುತ್ತಿಲ್ಲವೆಂಬುದೂ ತಿಳಿಯಿತು.

1969ರ ಬರಗಾಲದಲ್ಲಿ ಮುಂಬಯಿಯಿಂದ ಪರಿಹಾರ ಕಾರ್ಯಕ್ಕೆ ಬಂದ ಚಂದಾ ಶ್ರಾಫ್ ಅವರಿಗೆ ಧನೇತಿ ಗ್ರಾಮದ ಅಹೀರ್ ಹೆಂಗಸರು, ತಮಗೆ ದಾನ ಬೇಡ, ಕೆಲಸ ಬೇಕು ಎಂಬ ಭಾವವನ್ನು ತೋರಿದರು. ಅವರಿಂದ ಸೀರೆಗಳಿಗೆ ಕಸೂತಿ ಮಾಡಿಸಿ ಮುಂಬಯಿಯಲ್ಲಿ ಮಾರಿದ ಆ ಯತ್ನವೇ ‘ಶೃಜನ್’ ಸಂಸ್ಥೆಯಾಗಿ ಬೆಳೆಯಿತು. 1989ರಲ್ಲಿ ಕಛ್ ಮಹಿಳಾ ವಿಕಾಸ ಸಂಘಟನೆಯೂ 1993ರಲ್ಲಿ ‘ಕಲಾ ರಕ್ಷಾ’ವೂ ಹುಟ್ಟಿದವು. ಕಲಾ ರಕ್ಷಾದ ಸಂಸ್ಥಾಪಕರಲ್ಲಿ ಒಬ್ಬರಾದ ಅಮೆರಿಕದ ಜೂಡಿ ಫ್ರೇಟರ್ ಅವರು ರಬಾರಿಗಳ ನಡುವೆ ವರ್ಷಗಳನ್ನು ಕಳೆದು ಅವರ ಕಸೂತಿಯ ಕುರಿತು ಗ್ರಂಥವನ್ನೇ ಬರೆದವರು.

ಆ ಗ್ರಂಥ ಪ್ರಕಟವಾದ 1995ರಲ್ಲೇ ವಿಚಿತ್ರವಾದ ತಿರುವೊಂದು ಬಂದಿತು. ಧೇಬರಿಯಾ ಪಂಗಡದ ಹಿರಿಯರು ಸಭೆ ಸೇರಿ, ಸಮುದಾಯದವರು ಸ್ವಂತ ಬಳಕೆಗೆ ಕಸೂತಿ ಮಾಡುವುದನ್ನೂ ತೊಡುವುದನ್ನೂ ನಿಷೇಧಿಸಿದರು. ಮೀರಿದವರಿಗೆ ದಂಡವನ್ನೂ ಗೊತ್ತುಪಡಿಸಿದರು. ಹೆಣ್ಣುಮಕ್ಕಳು ಸಕಾಲದಲ್ಲಿ ಗಂಡನ ಮನೆ ಸೇರಲಿ ಎಂಬುದು ಅವರ ಉದ್ದೇಶ. ಹೊರೆ ಇಳಿಯಿತೆಂಬುದು ನಿಜ. ಆದರೆ ಹೆಂಗಸರ ಕೈಯಲ್ಲಿದ್ದ ವಿದ್ಯೆಯ ಬಗ್ಗೆ ತೀರ್ಮಾನ ಕೈಗೊಂಡವರು ಗಂಡಸರು. ಕೂಲಿಗಾಗಿ ಪರರಿಗೆ ಹೊಲಿಯಲು ಅಡ್ಡಿಯಿರಲಿಲ್ಲ. ತಾನು ತೊಡಲಾಗದ್ದನ್ನು ಮಾರಾಟಕ್ಕಾಗಿ ಹೊಲಿಯುವ ಸ್ಥಿತಿ ಧೇಬರಿಯಾ ಹೆಣ್ಣಿನದಾಯಿತು.

ಆದರೂ ಅವರು ಅಲಂಕಾರವನ್ನು ಬಿಟ್ಟುಕೊಡಲಿಲ್ಲ. ನಿಷೇಧವಿದ್ದುದು ಕೈಕಸೂತಿಗೆ; ಅಂಗಡಿಯಲ್ಲಿ ಸಿಗುವ ರಿಬ್ಬನ್, ಲೇಸು, ಬಣ್ಣದ ಪಟ್ಟಿಗಳನ್ನು ಹೊಲಿಗೆ ಯಂತ್ರದಿಂದ ಕೂಡಿಸಲು ತಡೆಯಿರಲಿಲ್ಲ. ಹೀಗೆ ಹೊಸದೊಂದು ಶೈಲಿ ಮೂಡಿತು. ‘ಹರಿ ಜರಿ’ ಎಂಬ ಹೆಸರಿನಲ್ಲಿ ಅದನ್ನು ಬೆಳೆಸಿದವರು ಪಾಬಿಬೆನ್ ರಬಾರಿ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು, ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ಒಂದು ರೂಪಾಯಿಗೆ ಪರರ ಮನೆಗೆ ನೀರು ಹೊತ್ತ ದಿನಗಳನ್ನು ಅವರು ಸ್ವತಃ ಹೇಳಿಕೊಂಡಿದ್ದಾರೆ. ತಾಯಿಯಿಂದ ಕಸೂತಿ ಕಲಿತರು, ಸಂಸ್ಥೆಯೊಂದರಲ್ಲಿ ದುಡಿದರು, ಬಳಿಕ ಅಂಜಾರ್ ತಾಲ್ಲೂಕಿನ ಭದ್ರೋಯಿ ಗ್ರಾಮದಲ್ಲಿ ಸ್ವಂತ ಉದ್ಯಮವನ್ನು ಕಟ್ಟಿ ಇತರ ಹೆಂಗಸರಿಗೂ ಕೆಲಸ ಕೊಟ್ಟರು. ಗ್ರಾಮೀಣ ಮಹಿಳಾ ಉದ್ಯಮಿಗಳಿಗೆ ನೀಡುವ ಜಾನಕಿದೇವಿ ಬಜಾಜ್ ಪುರಸ್ಕಾರ 2016ರಲ್ಲಿ ಅವರಿಗೆ ದೊರೆಯಿತು. ಅವರು ರೂಪಿಸಿದ ಕೈಚೀಲಕ್ಕೆ ‘ಪಾಬಿ ಬ್ಯಾಗ್’ ಎಂದೇ ಹೆಸರು. ಹೊಲಿದವಳ ಹೆಸರಿಲ್ಲದೆ ಪೇಟೆ ಸೇರುತ್ತಿದ್ದ ಕೆಲಸವು ಈಗ ಅವಳ ಹೆಸರಿನಿಂದಲೇ ಮಾರಾಟವಾಗುತ್ತಿದೆ. ಸಂಪಾದನೆಯಷ್ಟೇ ಮಹತ್ವದ ಸಂಗತಿಯಿದು.

ನಮ್ಮ ನಾಡಿಗೂ ಇದು ದೂರದ ಕಥೆಯಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಹೆಂಗಸರೂ ಹೀಗೆಯೇ ತಮ್ಮ ಉಡುಪಿಗಾಗಿ ಕನ್ನಡಿ-ಕವಡೆ ಹೊಲಿದವರು. ಇಂದು ಅದೇ ಕೈಯಿಂದ ಜೀವನ ನಡೆಸುವವರು. ಕಛ್ ಕಸೂತಿಗೂ ಸಂಡೂರು ಲಂಬಾಣಿ ಕಸೂತಿಗೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಆದರೆ ಆ ಮಾನ್ಯತೆ ಹೆಸರನ್ನು ಕಾಯಬಲ್ಲದು, ಕೂಲಿಯನ್ನಲ್ಲ. ಯಂತ್ರದಲ್ಲಿ ಹೊಲಿದು ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿದ ಚೀಲವು ಕಾಲುಭಾಗದ ಬೆಲೆಗೆ ಪಕ್ಕದಲ್ಲೇ ತೂಗುತ್ತಿರುವಾಗ, ಕೂಲಿಯನ್ನು ಉಳಿಸುವವರು ಕೊಳ್ಳುವವರೇ.

ಆದುದರಿಂದ ಮುಂದಿನ ಬಾರಿ ಊರಿಗೆ ಹೋದಾಗ ನಾವು ಬಟ್ಟೆಯನ್ನು ಒಮ್ಮೆ ಮಗುಚಿ ನೋಡೋಣ. ಕೈಕೆಲಸವಾದರೆ ಹೊಲಿಗೆಗಳು ಒಂದೇ ಅಳತೆಯಲ್ಲಿರುವುದಿಲ್ಲ. ಕನ್ನಡಿಯನ್ನು ಅಂಟಲ್ಲ, ದಾರ ಹಿಡಿದಿರುತ್ತದೆ. ಯಾರು ಹೊಲಿದರೆಂದು ಕೇಳೋಣ. ಹೇಳಿದ ಬೆಲೆ ಹೆಚ್ಚೆನಿಸಿದರೆ, ಅಷ್ಟು ಹೊಲಿಯಲು ಎಷ್ಟು ದಿನ ಹಿಡಿಯಿತೆಂದು ಮಕ್ಕಳೆದುರಿಗೇ ವಿಚಾರಿಸೋಣ. ಚೌಕಾಸಿ ಮಾಡುವುದೋ ಬಿಡುವುದೋ ಎಂಬುದನ್ನು ಆ ಉತ್ತರ ಕೇಳಿದ ಮೇಲೆ ತೀರ್ಮಾನಿಸೋಣ.