ಬಾಸ್‌ಗೆ ನಿಜಕ್ಕೂ ಬೇಕಾದ ಮಾಹಿತಿ ಯಾವುದು?

ನನ್ನ ಮೊದಲ ಕೆಲಸದಲ್ಲಿ ಪ್ರತಿ ಸೋಮವಾರ 40 ಪುಟದ ರಿಪೋರ್ಟ್ ಕಳಿಸ್ತಿದ್ದೆ. ಒಂದು ವಾರ ಮರೆತೇಬಿಟ್ಟೆ. ಯಾರೂ ಕೇಳಲೇ ಇಲ್ಲ! ಖುಷಿ ಆಗಬೇಕಿತ್ತು, ಆದರೆ ಹೊಟ್ಟೆ ಉರಿಯಿತು. ಹಾಗಾದ್ರೆ ಮೇಲಿನವರಿಗೆ ಬೇಕಾಗಿರೋದಾದ್ರೂ ಏನು? ಈ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ.

1961ರಲ್ಲಿ ಅಮೆರಿಕದ ಮೆಕಿನ್ಸಿ ಸಂಸ್ಥೆಯ ಡಿ. ರೊನಾಲ್ಡ್ ಡೇನಿಯಲ್ ಒಂದು ಲೇಖನ ಬರೆದರು. ಹೆಚ್ಚಿನ ಉದ್ಯಮಗಳಲ್ಲಿ ಗೆಲುವನ್ನು ನಿರ್ಧರಿಸೋದು ಮೂರರಿಂದ ಆರು ಅಂಶ ಮಾತ್ರ ಅನ್ನೋದು ಅವರ ವಾದ. ಕಾರು ಉದ್ಯಮಕ್ಕೆ ಮೂರು: ಕಾರಿನ ವಿನ್ಯಾಸ, ಒಳ್ಳೆ ಡೀಲರ್ ಜಾಲ, ತಯಾರಿಕೆ ಖರ್ಚಿನ ಮೇಲೆ ಹಿಡಿತ.

ಆದರೆ ಆಫೀಸುಗಳಿಗೆ ಕಂಪ್ಯೂಟರ್ ಬಂದಮೇಲೆ ಆಗಿದ್ದೇ ಬೇರೆ. ಸಂಬಳ, ಬಿಲ್ಲು ಲೆಕ್ಕ ಹಾಕೋ ಯಂತ್ರದಿಂದ ಹೊರಬಿದ್ದ ಕಾಗದವೆಲ್ಲ ಮ್ಯಾನೇಜರ್ ಮೇಜಿಗೆ ಹೋಯಿತು. 1967ರಲ್ಲಿ ರಸೆಲ್ ಆಕಾಫ್ ಎಂಬ ವಿದ್ವಾಂಸರು ಎಚ್ಚರಿಸಿದರು: ಮ್ಯಾನೇಜರುಗಳ ಕಷ್ಟ ಮಾಹಿತಿಯ ಕೊರತೆಗಿಂತ ಹೆಚ್ಚಾಗಿ ಬೇಡದ ಮಾಹಿತಿಯ ರಾಶಿ. ನಿಮಗೇನು ಬೇಕು ಅಂತ ಕೇಳಿದ್ರೂ ಪ್ರಯೋಜನ ಕಡಿಮೆ. ತಾನು ನಿರ್ಧಾರ ಹೇಗೆ ತಗೊಳ್ತೀನಿ ಅಂತ ಸರಿಯಾಗಿ ಗೊತ್ತಿಲ್ಲದವರು ‘ಎಲ್ಲಾ ಕೊಡಿ’ ಅಂತಾರೆ.

ಹಾಗಾದ್ರೆ ಕೇಳೋದೇ ಬೇಡವಾ? 1979ರಲ್ಲಿ ಎಂಐಟಿಯ ಜಾನ್ ರಾಕಾರ್ಟ್ ಪ್ರಶ್ನೆಯನ್ನೇ ಬದಲಿಸಿದರು. ‘ಯಾವ ಡೇಟಾ ಬೇಕು’ ಅನ್ನೋದು ಆಮೇಲೆ. ಮೊದಲು ‘ನಿಮ್ಮ ಗುರಿ ಏನು? ಅದು ಕೈಗೂಡಬೇಕಾದ್ರೆ ಯಾವ ಕೆಲವು ಸಂಗತಿ ಸರಿಯಾಗಿ ನಡೀಲೇಬೇಕು?’ ಎರಡು ಮೂರು ಭೇಟಿ, ಒಟ್ಟು ಮೂರರಿಂದ ಆರು ಗಂಟೆ ಮಾತುಕತೆ. ಅಳತೆ ಹೇಗೆ ಅನ್ನೋದು ಅದರ ನಂತರ.

ಹೀಗೆ ಕೇಳಿದಾಗ ಎರಡು ವಿಷಯ ಹೊರಬಂತು. ಒಂದು, ಪಟ್ಟಿ ಕಾಲಕ್ಕೆ ತಕ್ಕಂತೆ ಬದಲಾಗುತ್ತೆ. 1973ರ ತೈಲ ಬಿಕ್ಕಟ್ಟು ಕಳೆದಮೇಲೆ ರಾಕಾರ್ಟ್ ಬರೆದ ಕಾರು ಉದ್ಯಮದ ಪಟ್ಟಿಯಲ್ಲಿ ಇಂಧನ ನಿಯಮ ಪಾಲನೆಯೂ ಸೇರಿತ್ತು. ಎರಡು, ಮುಖ್ಯವಾದದ್ದೆಲ್ಲ ಕಂಪ್ಯೂಟರಿನಲ್ಲಿ ಇರಲ್ಲ. ಗ್ರಾಹಕರು ನಮ್ಮ ಬಗ್ಗೆ ಏನಂದ್ಕೊಂಡಿದ್ದಾರೆ, ನೌಕರರ ಉತ್ಸಾಹ ಹೇಗಿದೆ, ಇವನ್ನು ಜನರ ಹತ್ರ ಹೋಗಿ ಮಾತಾಡಿಯೇ ತಿಳ್ಕೋಬೇಕು.

ಈಗ ನನ್ನ 40 ಪುಟ ನೆನಪಾದ್ರೆ ಬಾಸ್ ಮೇಲೆ ಸಿಟ್ಟು ಬರಲ್ಲ. ಅಷ್ಟು ಸೋಮವಾರಗಳಲ್ಲಿ ಒಂದು ದಿನವೂ ನಾನು ಅವರ ಎದುರು ಕೂತು, ‘ಸರ್, ಈ ವರ್ಷ ಏನು ಕೆಟ್ಟರೆ ನಮ್ಮ ಕಥೆ ಮುಗೀತು?’ ಅಂತ ಕೇಳಿರಲಿಲ್ಲ.

ನಾಳೆ ರಿಪೋರ್ಟ್ ಕಳಿಸೋರು ಒಮ್ಮೆ ಕೇಳಿ ನೋಡಿ.