ನಮ್ಮ ಸೀಮೆಯ ಮನೆಗಳೂ ಗೋಡೆಯ ತೇವವೂ

ಸಂಸ್ಕೃತದಲ್ಲಿ ‘ಸುಧಾ’ ಎಂಬ ಶಬ್ದಕ್ಕೆ ಅಮೃತವೆಂದು ಅರ್ಥವಿರುವುದು ಸರ್ವವಿದಿತವಷ್ಟೆ. ಅದೇ ಶಬ್ದಕ್ಕೆ ಗೋಡೆಗೆ ಬಳಿಯುವ ಸುಣ್ಣದ ಲೇಪವೆಂಬ ಅರ್ಥವೂ ಇರುವುದನ್ನು ಅಮರಸಿಂಹನು ನಾನಾರ್ಥವರ್ಗದಲ್ಲಿ ಹೇಳಿರುವನು. ಸುಧೆಯಿಂದ ಲೇಪಿಸಲ್ಪಟ್ಟುದು ಸೌಧ. ಪಾಠಶಾಲೆಯಲ್ಲಿ ಈ ವ್ಯುತ್ಪತ್ತಿಯನ್ನು ಕಂಠಪಾಠ ಮಾಡಿದ ನಾನು ಅದರ ತಾತ್ಪರ್ಯವನ್ನು ಬಹುಕಾಲ ಅರಿಯದೆ ಹೋದೆನು. ಅರಿತುದು ನನ್ನ ಮನೆಯ ಗೋಡೆಗೆ ಬೂಷ್ಟು ಹಿಡಿದ ಮೇಲೆ. ಆ ಪ್ರಸಂಗವನ್ನು ಮುಂದೆ ಅರಿಕೆ ಮಾಡಿಕೊಳ್ಳುವೆನು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಈ ಐದು ತಾಲೂಕುಗಳಲ್ಲಿ ನಮ್ಮ ಹಿರಿಯರು ತೇವದೊಡನೆ ಹೇಗೆ ಬಾಳಿದರೆಂಬುದನ್ನು ಮೊದಲು ನೋಡುವ.

ಈ ಸೀಮೆಯಲ್ಲಿ ಮಳೆಯು ಪಶ್ಚಿಮದಿಂದ ಪೂರ್ವಕ್ಕೆ ಹೋದಂತೆ ಇಳಿಯುತ್ತ ಹೋಗುತ್ತದೆ. ಸಹ್ಯಾದ್ರಿಗೆ ಸಮೀಪವಾದ ನಿಪ್ಪಾಣಿಯ ಕಡೆ ಮಳೆ ಹೆಚ್ಚು. ಅಲ್ಲಿಯ ಮನೆಗಳಿಗೆ ಇಳಿಜಾರಾದ ಹಂಚಿನ ಹೊದಿಕೆ. ಅಥಣಿಯ ಕಡೆ ಮಳೆ ಕಡಿಮೆ. ಅಲ್ಲಿ ಮಣ್ಣಿನ ಚಪ್ಪಟೆ ಮಾಳಿಗೆ. ಜೆಪ್ಪಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ತೆರೆದ ಕಾರ್ಖಾನೆಯಿಂದ ಮೊದಲಾದ ಮಂಗಳೂರು ಹಂಚು, ಆ ಶತಮಾನದ ಕೊನೆಗೆ ಶೇಡಬಾಳ, ಉಗಾರ, ಕುಡಚಿ, ರಾಯಬಾಗಗಳ ಮೇಲೆ ರೈಲು ಹಾದಮೇಲೆ ನಮ್ಮವರಿಗೂ ಸುಲಭವಾಯಿತು. ಆದರೂ ಪೂರ್ವದ ಹಳ್ಳಿಗಳು ಮಾಳಿಗೆಯನ್ನು ಬೇಗನೆ ಬಿಟ್ಟುಕೊಡಲಿಲ್ಲ. ಬೇಸಗೆಯ ತಂಪು, ಜೋಳ ಒಣಗಿಸುವ ಅಂಗಳ, ರಾತ್ರಿ ಮಲಗುವ ತಾಣ, ಇವೆಲ್ಲವೂ ಮಾಳಿಗೆಯೇ ಆಗಿದ್ದಿತಷ್ಟೆ.

ಆ ಮಾಳಿಗೆಯ ರಚನೆಯು ವಿಚಾರಕ್ಕೆ ಯೋಗ್ಯವಾದುದು. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಸೊಪ್ಪು, ಮೇಲೆ ತುಳಿದು ಗಟ್ಟಿಮಾಡಿದ ಮಣ್ಣು, ಎಲ್ಲಕ್ಕೂ ಮೇಲೆ ಸವುಳು ಮಣ್ಣಿನ ತೆಳುವಾದ ಹೊದಿಕೆ. ಹೊಲದಲ್ಲಿ ಯಾವ ಪೈರನ್ನೂ ಬೆಳೆಯಗೊಡದ ಕ್ಷಾರಮೃತ್ತಿಕೆಯನ್ನು ತಲೆಯ ಮೇಲೆ ಹೊತ್ತದ್ದೇಕೆ? ಈ ಮಣ್ಣಿನಲ್ಲಿ ಸೋಡಿಯಂ ಎಂಬ ಧಾತುವಿನ ಅಂಶ ಅಧಿಕ. ನೀರು ತಾಕಿದೊಡನೆ ಅದರ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚೆದರಿ, ಮಣ್ಣಿನ ಸೂಕ್ಷ್ಮರಂಧ್ರಗಳನ್ನು ಮುಚ್ಚಿಬಿಡುವುವು. ಮೊದಲ ಹನಿಗಳೇ ಮುಂದಿನ ಹನಿಗಳಿಗೆ ಬಾಗಿಲಿಕ್ಕುವುವು. ರಸಾಯನಶಾಸ್ತ್ರವನ್ನು ಓದದ ಒಕ್ಕಲಿಗನು ಇದನ್ನು ಕಂಡುಕೊಂಡಿದ್ದನು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ತಿಂದುಕ, ಕಪಿತ್ಥಗಳ ಎಳೆಗಾಯಿ, ಶಾಲ್ಮಲಿಯ ಹೂ ಮುಂತಾದುವನ್ನು ನೀರಿನಲ್ಲಿ ಎಂಟನೆಯ ಒಂದು ಭಾಗ ಉಳಿಯುವಂತೆ ಕಾಯಿಸಿ ವಜ್ರಲೇಪ ಮಾಡುವ ವಿಧಾನವನ್ನು ಕೊಟ್ಟಿರುವನು. ಅದು ಪ್ರಾಸಾದ, ಪ್ರತಿಮೆಗಳಂಥವುಗಳಿಗೆ ಸಂದಿತು. ಬಡವನ ಮಾಳಿಗೆಗೆ ಹಳ್ಳದ ಸವುಳೇ ವಜ್ರಲೇಪ.

ಆದರೆ ಗೋಡೆಗೆ ಅವರು ಈ ನ್ಯಾಯವನ್ನು ಅನ್ವಯಿಸಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮೇಲಿನಿಂದ ನೀರು ಬರಕೂಡದು. ಗೋಡೆಗೆ ಬಂದುದು ಮಾತ್ರ ಹೊರಟುಹೋಗಬೇಕು. ಮಣ್ಣು, ಸೆಗಣಿ, ಸುಣ್ಣ ಇವು ಮೂರೂ ತೇವವನ್ನು ಹೀರಿ, ಬಿಸಿಲು ಗಾಳಿಗಳಿಗೆ ಮರಳಿ ಒಪ್ಪಿಸುವ ಪದಾರ್ಥಗಳು. ಸುಣ್ಣದ ಗುಣವಂತೂ ಇನ್ನೂ ವಿಶೇಷ. ಹೊಸದಾಗಿ ಬಳಿದ ಸುಣ್ಣದ ತೀಕ್ಷ್ಣಕ್ಷಾರದಲ್ಲಿ ಬೂಷ್ಟು ಬೆಳೆಯಲಾರದು. ಗಾಳಿಯಲ್ಲಿಯ ಇಂಗಾಲಾಮ್ಲವನ್ನು ಹೀರಿಕೊಂಡು ಅದು ಮೆಲ್ಲಮೆಲ್ಲನೆ ಕಲ್ಲಾಗುವಾಗ ಆ ಕ್ಷಾರವು ಕುಂದುತ್ತದೆ. ವರ್ಷಕ್ಕೊಮ್ಮೆ ಹಬ್ಬದ ಮುಂದೆ ಸುಣ್ಣ ಬಳಿಯುವ ಪದ್ಧತಿಯು ಶೋಭೆಗಾಗಿ ಮಾತ್ರ ಎಂದು ನಾವು ತಿಳಿದೆವು. ಅಥಣಿಯಲ್ಲಿ ಮುರುಘೇಂದ್ರ ಶಿವಯೋಗಿಗಳು (1836–1921) ನೆಲಸಿದ ಮಠಕ್ಕೆ ಗಚ್ಚಿನಮಠವೆಂದೇ ಹೆಸರು. ಗಚ್ಚೆಂದರೆ ಸುಣ್ಣದ ಗಾರೆ. ಸುತ್ತಲೂ ಮಣ್ಣಿನ ಮನೆಗಳಿರಲು ಗಾರೆಯ ಕಟ್ಟಡವೊಂದು ತನ್ನ ಲೇಪದಿಂದಲೇ ಗುರುತಿಸಲ್ಪಟ್ಟಿತೆಂದು ಊಹಿಸುವುದು ತಪ್ಪಾಗಲಾರದು. ಅಮರನ ಭಾಷೆಯಲ್ಲಿ ಅದೂ ಸೌಧವೇ.

ಹಳೆಯ ಮನೆಗಳಲ್ಲಿ ದೋಷವಿರಲಿಲ್ಲವೆಂದು ನಾನು ಹೇಳಲಾರೆ. ಕಿಟಕಿಯಿಲ್ಲದ ನಡುಮನೆ, ಮಾಳಿಗೆಯ ಒಂದೇ ಬೆಳಕಿಂಡಿ, ಒಳಗೇ ಕಟ್ಟಿದ ದನ, ಒಲೆಯ ಹೊಗೆ! ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿದ ಪ್ಲೇಗು ನಮ್ಮ ಕಡೆಗೂ ಹಬ್ಬಿತು. ಆ ಕಾಲದಲ್ಲಿ ಇಲಾಖೆಯ ಅಧಿಕಾರಿಗಳು ಸೋಂಕಿನ ಮನೆಗಳ ಹಂಚನ್ನು ತೆಗೆಯಿಸಿ ಬಿಸಿಲು ಬಿಡಿಸಿದ್ದುಂಟು. ಇಲಿಯ ಚಿಗಟದಿಂದ ಹರಡುವ ವ್ಯಾಧಿಗೆ ಅದು ಮದ್ದಲ್ಲ. ಬೂಷ್ಟಿಗೆ ಮಾತ್ರ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

ಪುಸ್ತಕಗಳ ವಿಷಯವನ್ನು ಇಲ್ಲಿಯೇ ಹೇಳಬೇಕು. ಕಾಗವಾಡದ ಬಸದಿಯ ನೆಲಮನೆಯಲ್ಲಿ ಶಕ 1316, ಎಂದರೆ ಕ್ರಿ.ಶ. 1394ರ ಶಾಸನವೊಂದಿದೆ, ಯಾಪನೀಯ ಸಂಘದ ಉಲ್ಲೇಖಗಳಲ್ಲಿ ಬಹು ಕಡೆಯದೆಂದು ವಿದ್ವಾಂಸರು ಅದನ್ನು ಎಣಿಸುವರು. ಕಲ್ಲಿನಲ್ಲಿ ಕೊರೆದುದು ನೆಲದ ಕೆಳಗೂ ಉಳಿಯಿತು. ಓಲೆ ಕಾಗದಗಳಿಗೆ ಆ ಭಾಗ್ಯವಿಲ್ಲ. ಆದುದರಿಂದಲೇ ದಿಗಂಬರ ಜೈನರು ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯೆಂದು ಆಚರಿಸಿ, ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳೊರಸಿ, ಹೊಸ ಬಟ್ಟೆಯಲ್ಲಿ ಕಟ್ಟಿಟ್ಟು ಪೂಜಿಸುತ್ತಾರೆ. ಶ್ವೇತಾಂಬರರ ಜ್ಞಾನಪಂಚಮಿಯು ಕಾರ್ತಿಕ ಶುದ್ಧ ಪಂಚಮಿ. ಒಂದು ಮಳೆಯ ಮುಂಚೆ, ಒಂದು ಮಳೆಯ ನಂತರ. ಪಂಚಾಂಗವನ್ನು ಬರೆದವರ ಕಣ್ಣು ಆಕಾಶದ ಮೇಲೆಯೂ ಕಪಾಟಿನ ಮೇಲೆಯೂ ಇದ್ದಿತು. ಪ್ರಾಕೃತ ಗ್ರಂಥಗಳ ಸಂಪಾದನೆಯಲ್ಲಿ ಆಯುಷ್ಯವನ್ನು ಸವೆಸಿದ ಡಾ. ಆ. ನೇ. ಉಪಾಧ್ಯೆಯವರು (1906–1975) ನಮ್ಮ ಸದಲಗೆಯವರು. ಇಂಥ ಕಟ್ಟುಗಳು ಬಿಸಿಲು ಕಾಣದೆ ಇದ್ದಿದ್ದರೆ ಅವರಿಗೆ ಸಂಪಾದಿಸಲು ಏನು ಉಳಿಯುತ್ತಿತ್ತು?

ಇನ್ನು ಕಾಲವು ಬದಲಾದ ಬಗೆ. 1939ರಲ್ಲಿ ಉಗಾರದಲ್ಲಿ ಸಕ್ಕರೆಯ ಕಾರ್ಖಾನೆಯು ಸ್ಥಾಪಿತವಾಯಿತು. ಕ್ರಮೇಣ ಕಾಲುವೆಯ ನೀರೂ ನದಿಯಿಂದ ಎತ್ತಿದ ನೀರೂ ಕಬ್ಬಿನ ಹೊಲಗಳನ್ನು ತುಂಬಿದುವು. ಐಶ್ವರ್ಯ ಬಂದಿತು, ಜೊತೆಗೆ ಜವುಳೂ ಬಂದಿತು. ತೇವವು ಮೇಲಿನಿಂದ ಬರುವುದನ್ನು ಬಿಟ್ಟು ಕೆಳಗಿನಿಂದ ಬರತೊಡಗಿತು. ಬುನಾದಿಯ ನೀರು ಬತ್ತಿಯಲ್ಲಿ ಎಣ್ಣೆ ಏರುವಂತೆ ಗೋಡೆಯಲ್ಲಿ ಏರುತ್ತದೆ. ತನ್ನೊಡನೆ ಉಪ್ಪನ್ನೂ ಒಯ್ಯುತ್ತದೆ. ನೀರು ಆರಿದಲ್ಲಿ ಉಪ್ಪು ಹರಳುಗಟ್ಟಿ ಗಿಲಾಯಿಯನ್ನು ಒಡೆಯುತ್ತದೆ. ಮಾಳಿಗೆಯನ್ನು ಕಾಯುತ್ತಿದ್ದ ಸವುಳೇ ಈಗ ಗೋಡೆಯ ಪಾದವನ್ನು ತಿನ್ನುತ್ತಿರುವುದು!

ಇದಕ್ಕೆ ಸರಿಯಾಗಿ ಸಿಮೆಂಟು ಮನೆಮನೆಗೂ ಬಂದಿತು. 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಎಂಬ ಆಂಗ್ಲನು ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದನು. ಅದರ ಬಲದ ವಿಷಯದಲ್ಲಿ ಸಂದೇಹವಿಲ್ಲ. ಆದರೆ ಮಣ್ಣಿನ ಗೋಡೆಗೆ ಸಿಮೆಂಟಿನ ಅಂಗಿ ತೊಡಿಸಿದರೆ ಒಳಗಿನ ತೇವಕ್ಕೆ ದಾರಿಯಿಲ್ಲ. ಅದು ಇನ್ನೂ ಮೇಲಕ್ಕೆ ಏರಿ, ಮರವಿದ್ದಲ್ಲಿ, ಬಟ್ಟೆಯಿದ್ದಲ್ಲಿ, ಕಾಗದವಿದ್ದಲ್ಲಿ ತಲೆ ಹಾಕುತ್ತದೆ. ಬೂಷ್ಟಿನ ಬೀಜಾಣುಗಳು ಗಾಳಿಯಲ್ಲಿ ಎಂದೂ ಇರತಕ್ಕವು. ಅವು ಕಾದಿರುವುದು ತೇವಕ್ಕಾಗಿ ಮಾತ್ರ.

ನಮ್ಮ ಮನೆಯಲ್ಲಿ ಆದುದೂ ಇದೇ. 2001ರಲ್ಲಿ ಸಾಲ ತೆಗೆದು ತಂದೆಯವರ ಕಾಲದ ಮಣ್ಣಿನ ಗೋಡೆಗೆ ಒಳಗೂ ಹೊರಗೂ ಸಿಮೆಂಟು ಗಿಲಾಯಿ ಮಾಡಿಸಿ, ಮೇಲೆ ಎಣ್ಣೆಬಣ್ಣ ಬಳಿಸಿದೆನು. ನಮ್ಮ ತಾಯಿ ಬೇಡವೆಂದಳು. ಹಳೆಯ ಕಾಲದವಳೆಂದು ನಕ್ಕೆನು. 2019ರ ಆಗಸ್ಟಿನಲ್ಲಿ ಕೃಷ್ಣೆಯು ದೂಧಗಂಗಾ, ವೇದಗಂಗೆಗಳೊಡನೆ ಉಕ್ಕಿ ಈ ಐದೂ ತಾಲೂಕುಗಳ ಹಳ್ಳಿಗಳನ್ನು ಮುಳುಗಿಸಿದುದು ಎಲ್ಲರಿಗೂ ನೆನಪಿದೆ. ನಮ್ಮ ಓಣಿಯಲ್ಲಿ ಹನ್ನೆರಡು ದಿನ ನೀರು ನಿಂತಿತು, ಹೊಸ್ತಿಲನ್ನು ದಾಟಲಿಲ್ಲ. ನೆರೆಯವರ ಮಣ್ಣಿನ ಗೋಡೆ ಕುಸಿಯಿತು, ನನ್ನದು ನಿಂತಿತು. ಸಿಮೆಂಟನ್ನು ಮನಸ್ಸಿನಲ್ಲಿಯೇ ಹೊಗಳಿದೆನು. ನೆನೆದ ಗೋಡೆ ಆರಲು ಅಂಗುಲಕ್ಕೊಂದು ತಿಂಗಳೆಂದು ಕಟ್ಟಡ ಬಲ್ಲವರ ಸ್ಥೂಲವಾದ ಲೆಕ್ಕ. ನನ್ನ ಗೋಡೆ ಹದಿನೆಂಟು ಅಂಗುಲದ್ದು, ಅದೂ ಎರಡೂ ಕಡೆ ಮುಚ್ಚಿದ್ದು. ಮರುವರ್ಷ ಶ್ರಾವಣದಲ್ಲಿ ನಡುಮನೆಯ ಮಾಡದ ಕದ ತೆರೆದಾಗ ತಂದೆಯವರ ಕೈಬರಹದ ಪೋಥಿಗಳ ಕೆಂಪು ಬಟ್ಟೆಯು ಬೂದುಬಣ್ಣಕ್ಕೆ ತಿರುಗಿದ್ದಿತು. ವರ್ಷವೂ ಅವನ್ನು ತಂದೆಯವರು ಬಿಸಿಲಿಗಿಡುತ್ತಿದ್ದುದನ್ನು ಕಂಡವನು ನಾನು. ಅವರ ತರುವಾಯ ಆ ಕೆಲಸವನ್ನು ಮುಂದೂಡುತ್ತ ಬಂದವನೂ ನಾನೇ.

ಮುಂದಿನ ಬೇಸಗೆಯಲ್ಲಿ ಒಳಗಿನ ಸಿಮೆಂಟನ್ನು ಕೆತ್ತಿಸಿದೆನು. ಸುಣ್ಣದ ಕೆಲಸ ಬಲ್ಲ ಗವಂಡಿಗಾಗಿ ಮೂರು ಊರು ತಿರುಗಬೇಕಾಯಿತು. ಸಿಕ್ಕವನು ನನಗಿಂತ ಹಿರಿಯನು. ಕೆತ್ತಿದ ಗೋಡೆಯನ್ನು ಮುಟ್ಟಿ ನೋಡಿ, ಒಂದು ವರ್ಷ ಹಾಗೆಯೇ ಬಿಡಿರೆಂದು ಹೇಳಿ ಹೊರಟುಹೋದನು. ವರ್ಷ ಕಳೆದ ಮೇಲೆ ತಾನಾಗಿಯೇ ಬಂದು ಗಾರೆ ಹಾಕಿದನು. ಪೋಥಿಗಳು ಈಗ ಒಳಗಿನ ಅಡ್ಡಗೋಡೆಯ ಬಳಿ, ಗೋಡೆಗೆ ತಾಗದಂತೆ ನಿಲ್ಲಿಸಿದ ಕಪಾಟಿನಲ್ಲಿವೆ. ಒಂದಕ್ಕೊಂದು ಅಂಟಿಕೊಂಡ ಹನ್ನೊಂದು ಹಾಳೆಗಳನ್ನು ಬಿಡಿಸಲು ನನಗೆ ಇಂದಿಗೂ ಧೈರ್ಯ ಬಂದಿಲ್ಲ.